ಹತ್ತಿ ದಲಾಲಿಯ ಕಾಲು

ನೆಲ ಒರೆಸುವಾಗ ಕಂಡಿತು.

ಅಡುಗೆಮನೆಯ ಬಾಗಿಲಿನಿಂದ ಪಡಸಾಲೆಯ ಕುರ್ಚಿಯವರೆಗೆ ಕಂದುಗೆಂಪು ಬಣ್ಣದ ಗುರುತುಗಳು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ. ಮೊದಲು ಕುಂಕುಮ ಚೆಲ್ಲಿದೆ ಅಂದುಕೊಂಡೆ. ಆಮೇಲೆ ನನ್ನ ಕಾಲನ್ನೇ ತಿರುಗಿಸಿ ನೋಡಿಕೊಂಡೆ. ನನಗೇನೂ ಆಗಿರಲಿಲ್ಲ. ಉಣಕಲ್ಲಿನ ಈ ಮನೆಯಲ್ಲಿ ಇರುವವರು ನಾವಿಬ್ಬರೇ. ಇವರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ರೀ, ಕಾಲಿಗೆ ಏನಾಗೈತ್ರಿ?"

"ಏನೂ ಆಗಿಲ್ಲಲ್ಲ."

"ರಕ್ತ ಬಂದೈತಿ. ಮನಿ ತುಂಬ ಓಡ್ಯಾಡೀರಿ."

ಪೇಪರ್ ಮಡಚಿಟ್ಟು ಬಲಗಾಲು ಎತ್ತಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಒಂದು ತೂತು. ತೂತಿನೊಳಗೆ ತಂತಿಯ ಚೂರು. ಬೇರೆಯವರ ಕಾಲನ್ನು ನೋಡಿದ ಹಾಗೆ ನೋಡಿದರು. ಉಗುರಿನಿಂದ ಹಿಡಿದು ಎಳೆದು ತೆಗೆದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಇವರಿಗೆ ನೋವೇ ಆಗಿರಲಿಲ್ಲ.

ಇವರು ಹುಬ್ಬಳ್ಳಿಯ ಹತ್ತಿ ಪ್ಯಾಟಿಯಲ್ಲಿ ದಲಾಲಿ. ರೈತರು ತಂದ ಹತ್ತಿಯನ್ನು ನೋಡಿ, ಗುಣ ಹೇಳಿ, ಮಾರಿಸಿಕೊಡುವ ಕೆಲಸ. ಇವರ ಅಪ್ಪನೂ ಅದನ್ನೇ ಮಾಡಿದವರು. ಹತ್ತಿಯ ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರೆ ಸಾಕು, ಅದರ ಉದ್ದ, ಬಲ, ಯಾವ ಕಡೆಯ ಹೊಲದ್ದು ಎಲ್ಲ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕೆಲವು ವರ್ಷದಿಂದ ಕಾಲು ಜೋಮು ಹಿಡಿದಂತೆ ಆಗುತ್ತಿತ್ತು. "ವಯಸ್ಸಾತು, ಆಗತೈತಿ" ಅಂತ ತಾವೇ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದರು. ನಾನು ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಎಂಥೆಂಥ ಹುಡುಗರ ಕಿವಿ ಹಿಂಡಿದ್ದೇನೆ. ಈ ಒಂದು ಕಿವಿ ಮಾತ್ರ ಕೈಗೆ ಸಿಕ್ಕಿಲ್ಲ.

ತಂತಿ ಎಲ್ಲಿಂದ ಬಂತು ಎಂದು ಕೇಳಬೇಕಾಗಿರಲಿಲ್ಲ. ಪ್ಯಾಟಿಯಲ್ಲಿ ಹತ್ತಿ ರಾಶಿ ಹಾಕಿರುತ್ತಾರೆ, ಆಳೆತ್ತರ. ಮೇಲಿನ ಹತ್ತಿ ಯಾವಾಗಲೂ ಒಣಗಿ ಬೆಳ್ಳಗೆ ಕಾಣುತ್ತದೆ. ಮೋಸ ಇದ್ದರೆ ನಡುವೆ ಇರುತ್ತದೆ. ಆದ್ದರಿಂದ ದಲಾಲಿಯಾದವನು ರಾಶಿಯ ಮೇಲೇರಿ, ಮೊಣಕೈವರೆಗೆ ಕೈ ತೂರಿಸಿ, ಹೊಟ್ಟೆಯೊಳಗಿನ ಹತ್ತಿ ತೆಗೆದು ನೋಡಬೇಕು. ಒಳಗೆ ಹಸಿ ಇದ್ದರೆ ರಾಶಿಗೆ ರಾಶಿಯೇ ಕೆಟ್ಟಂತೆ. ಹಾಗೆ ಹತ್ತುವಾಗ ಚಪ್ಪಲಿ ಕೆಳಗೇ ಬಿಡುತ್ತಾರೆ. ಹತ್ತಿ ಅಂದರೆ ಲಕ್ಷ್ಮಿ. ಲಕ್ಷ್ಮಿಯ ಮೇಲೆ ಚಪ್ಪಲಿಗಾಲು ಇಡುವವರು ಆ ಪ್ಯಾಟಿಯಲ್ಲಿ ಇಲ್ಲ. ಯಾವುದೋ ರಾಶಿಯಲ್ಲಿ ಮೂಟೆ ಬಿಗಿದಿದ್ದ ತಂತಿಯ ತುಂಡು ಉಳಿದಿತ್ತು. ಇವರ ಕಾಲು ಅದನ್ನು ಎತ್ತಿಕೊಂಡು ಮನೆಗೆ ತಂದಿತು.

ಅರಿಶಿನ ಮೆತ್ತಿದರು. ಮರುದಿನ ಪ್ಯಾಟಿಗೆ ಹೋದರು. ದೀಪಾವಳಿ ಮುಗಿದು ಹೊಸ ಹತ್ತಿ ಬರುವ ಕಾಲ. ಆಗ ಇವರನ್ನು ಮನೆಯಲ್ಲಿ ಕೂಡಿಸಬೇಕಾದರೆ ಹಗ್ಗವೇ ಬೇಕು. ನಾನು ಬೈದೆ. ಬೈಗುಳ ಇವರಿಗೆ ಹೊಸದಲ್ಲ. ವಾರ ಕಳೆಯುವುದರೊಳಗೆ ಪಾದ ಊದಿ ಚಪ್ಪಲಿಗೆ ಹೋಗದಂತಾಯಿತು. ಚಳಿ ಜ್ವರ ಬಂತು. ಆಮೇಲೆ ವಾಸನೆ.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ಸರ್ಜನ್ ಧಾರವಾಡ ಕಡೆಯ ಹುಡುಗಿ, ನನ್ನ ಮಗಳಷ್ಟೇ ವಯಸ್ಸು. ತೆಳ್ಳಗಿನ ಸ್ಟೀಲ್ ಕಡ್ಡಿಯನ್ನು ಗಾಯದೊಳಗೆ ನಿಧಾನವಾಗಿ ಇಳಿಸಿದಳು. ನಾನು ಗೋಡೆ ಕಡೆ ತಿರುಗಿದೆ.

"ಅಜ್ಜಾರ, ನೋವು ಆಗಾಕತ್ತೈತೇನ್ರಿ?"

"ಇಲ್ಲರಿ. ಏನೂ ಇಲ್ಲ." ಅದನ್ನು ಹೆಮ್ಮೆಯಿಂದ ಹೇಳಿದರು. 'ಅಜ್ಜಾರ' ಅಂದದ್ದಷ್ಟೇ ಇವರಿಗೆ ನೋವಾಗಿತ್ತು.

"ನೋವಾಗಿದ್ರ ಛಲೋ ಇತ್ತು ನೋಡ್ರಿ" ಅಂದಳು ಡಾಕ್ಟರು. ಕಡ್ಡಿ ತೆಗೆದು ಟ್ರೇನಲ್ಲಿ ಇಟ್ಟು ನನ್ನ ಕಡೆ ತಿರುಗಿದಳು. "ಎಲುಬಿಗೆ ಇನ್ನೂ ಹತ್ತಿಲ್ಲ ಅಂತ ಅನಸತೈತಿ. ಎಕ್ಸ್‌ರೇ ನೋಡೋಣು. ಕೆಟ್ಟದ್ದನ್ನ ಕೆತ್ತಿ ತಗದು ಬೆರಳು ಉಳಿಸಾಕ ನೋಡತೇವಿ. ಬೆರಳು ಹೋತು ಅಂದ್ರ ಮುಂದ ಪಾದದ ಮಾತು ಬರತೈತ್ರಿ ಅಮ್ಮಾ. ಅದು ಬರಬಾರದು."

ಪಾದದ ಮಾತು.

ಆ ಎರಡು ಶಬ್ದ ನನ್ನ ಕಿವಿಯಲ್ಲಿ ಕೂತುಬಿಟ್ಟವು. ಇವತ್ತಿಗೂ ಕೂತಿವೆ.

ಡಿಬ್ರೈಡ್‌ಮೆಂಟ್ ಮಾಡಿದರು. ಅಂದರೆ ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆಯುವುದು. ಇವರ ಅಂಗಾಲಿನಲ್ಲಿ ಒಂದು ಗುಳಿ ಉಳಿಯಿತು, ಅಡಿಕೆ ಹಿಡಿಸುವಷ್ಟು. ಆ ಗುಳಿಯೊಳಗೆ ಇಡಲು ಡಾಕ್ಟರು ಒಂದು ಬೆಳ್ಳನೆಯ ಮೆತ್ತನೆಯ ಹಾಳೆ ತೆಗೆದಳು. ಇವರ ಕಣ್ಣು ಅಗಲವಾದವು. ಮಂಚದ ಮೇಲೆ ಮಲಗಿದ್ದವರು ಅರ್ಧ ಎದ್ದರು.

"ಅದೇನ್ರಿ ಡಾಕ್ಟರ್ ಬಾಯಾರ? ಹತ್ತಿಯೇನು?"

"ಅಲ್ರಿ. ಸಮುದ್ರದ ಪಾಚಿಯಿಂದ ತಗದ ನಾರು. ಅದಕ್ಕ ಬೆಳ್ಳಿ ಸೇರಿಸಿರತಾರ. ಬೆಳ್ಳಿಯಿಂದ ಬ್ಯಾಕ್ಟೀರಿಯಾ ಸಾಯತಾವು. ನಾರು ಗಾಯದ ನೀರು ಹೀರಕೋತೈತಿ."

ಇವರು ಕೈ ಚಾಚಿದರು. ಕೊಡುವವರೆಗೆ ಬಿಡುವ ಮನುಷ್ಯ ಅಲ್ಲ ಅಂತ ಆಕೆಗೂ ಅರ್ಥವಾಗಿರಬೇಕು. ಅಂಚಿನ ಒಂದು ಚೂರು ಕತ್ತರಿಸಿ ಕೊಟ್ಟಳು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರು. ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಎಳೆದರು.

"ಎಳಿ ಐತಿ ಖರೇ, ಬಲ ಇಲ್ಲ" ಅಂತ ತೀರ್ಪಾಯಿತು.

ಡಾಕ್ಟರು ನಕ್ಕಳು. ನಾನೂ ನಕ್ಕೆ. ಇವರು ನಗಲಿಲ್ಲ.

ಮನೆಗೆ ಕಳಿಸುವಾಗ ನಿಯಮ ಹೇಳಿದಳು. ವಾರದಲ್ಲಿ ಎರಡು ಸಲ ಓಪಿಡಿಗೆ ಬಂದು ಡ್ರೆಸ್ಸಿಂಗ್ ಬದಲಿಸಿಕೊಳ್ಳಬೇಕು. ನಡುವೆ ಬ್ಯಾಂಡೇಜ್ ಬಿಚ್ಚಬಾರದು. ಒದ್ದೆ ಆಗಬಾರದು. ಬಲಗಾಲು ಊರಬಾರದು. ದಿನಾ ಎರಡೂ ಕಾಲನ್ನು, ಬೆರಳ ಸಂದಿ, ಅಂಗಾಲು, ಬ್ಯಾಂಡೇಜಿನ ಅಂಚು ಎಲ್ಲ ಇನ್ನೊಬ್ಬರು ನೋಡಬೇಕು. "ಅಜ್ಜಾರಿಗೆ ತಿಳಿಯೂದಿಲ್ಲ. ನೀವ ನೋಡ್ರಿ ಅಮ್ಮಾ" ಅಂದಳು.

ಮೊದಲ ದಿನವೇ ತಂಟೆ. ನನ್ನ ಎರಡೂ ಮೊಣಕಾಲು ಸವೆದಿವೆ, ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು. ಅದಕ್ಕೆ ಮಂಚದ ತುದಿಗೆ ಕೂತು, "ಕಾಲು ಇಲ್ಲೆ ಇಡ್ರಿ" ಎಂದು ತೊಡೆ ತೋರಿಸಿದೆ.

ಇವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಹುಚ್ಚಿ ಅದಿಯೇನು? ಮನಿ ಲಕ್ಷ್ಮಿ ತೊಡಿ ಮ್ಯಾಲ ಕಾಲು ಇಡತಾರೇನು ಯಾರರೆ?"

"ಲಕ್ಷ್ಮಿಗೆ ನೀವು ಒಂದ್ ಕಪ್ ಚಹಾ ಮಾಡಿ ಕೊಟ್ಟಿದ್ದು ನನಗಂತೂ ನೆನಪಿಲ್ಲ. ಕಾಲು ತರ್ರಿ ಇತ್ತ."

ತರಲಿಲ್ಲ. ಹತ್ತಿಯೊಂದು ಲಕ್ಷ್ಮಿ, ನಾನೊಂದು ಲಕ್ಷ್ಮಿ. ಎರಡೂ ಕಡೆ ಇವರ ಕಾಲೇ ತೊಂದರೆ. ಕೊನೆಗೆ ಗಡ್ಡ ಮಾಡಿಕೊಳ್ಳುವ ಕನ್ನಡಿ ತಂದಿಟ್ಟುಕೊಂಡು, "ನಾ ನೋಡ್ಕೋತೇನಿ, ನೀ ನಿನ್ನ ಕೆಲಸ ನೋಡು" ಅಂದರು. ನನಗೂ ಸಾಕಾಗಿತ್ತು. ಆಯ್ತು ಅಂದೆ.

ದಿನಗಳು ಹೇಗಿದ್ದವು ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಏನೂ ಇಲ್ಲ. ಬೆಳಗ್ಗೆ ಸಕ್ಕರೆ ನೋಡು. ಇನ್ಸುಲಿನ್ ಕೊಡು. ಕಾಲಿಗೆ ಪ್ಲಾಸ್ಟಿಕ್ ಕಟ್ಟಿ ಜಳಕ ಮಾಡಿಸು. ಜೋಳದ ರೊಟ್ಟಿ ಅಳೆದು ಹಾಕು, ಇನ್ನೊಂದು ಕೇಳಿದರೆ ಇಲ್ಲ ಅನ್ನು, ಮುಖ ಊದಿಸಿಕೊಂಡರೆ ನೋಡದ ಹಾಗೆ ಇರು. ಓಪಿಡಿ ದಿನ ಆಟೋದವನಿಗೆ ಫೋನ್ ಮಾಡು, ಹೆಗಲು ಕೊಟ್ಟು ಹತ್ತಿಸು, ಇಳಿಸು, ಟೋಕನ್ ತಗೋ, ಕೂಡು. ನಡುವೆ ನೋಡಲು ಬರುವವರು. ಪ್ಯಾಟಿಯವರು ಬಂದರೆ ಒಂದು ಕಿಲೋ ಪೇಡೆ ತರುತ್ತಾರೆ, ಸಕ್ಕರೆ ಕಾಯಿಲೆಯವರ ಮನೆಗೆ. ತಂದವರೆದುರು ಏನನ್ನಲಿ? ಅವರ ಮುಂದೆಯೇ ಡಬ್ಬಿ ತೆಗೆದು ಅವರಿಗೇ ಎರಡೆರಡು ಕೊಟ್ಟು ಖಾಲಿ ಮಾಡಿಸುತ್ತಿದ್ದೆ. ಇವರು ಡಬ್ಬಿ ಮುಚ್ಚುವವರೆಗೆ ಅದನ್ನೇ ನೋಡುತ್ತಿದ್ದರು. ಕಾಯಿಲೆ ಒಬ್ಬರಿಗೆ, ದಣಿವು ಇನ್ನೊಬ್ಬರಿಗೆ. ಯಾರೂ ನನ್ನ ಮೊಣಕಾಲು ಕೇಳಲಿಲ್ಲ. ಕೇಳಲಿ ಅಂತ ನಾನೂ ಕಾದಿರಲಿಲ್ಲ ಅಂದರೆ ಅದು ಸುಳ್ಳು.

ಓಪಿಡಿಯಲ್ಲಿ ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿದಾಗ ಆ ಬೆಳ್ಳನೆಯ ನಾರು ಅಲ್ಲಿ ಇರಲಿಲ್ಲ. ಗುಳಿಯ ತುಂಬ ಬೂದು ಬಣ್ಣದ ಲೋಳೆ. ಸಬ್ಬಕ್ಕಿ ಗಂಜಿ ತಣ್ಣಗಾದ ಮೇಲೆ ಆಗುತ್ತದಲ್ಲ, ಹಾಗೆ. ಇವರ ಮುಖ ಸಪ್ಪಗಾಯಿತು.

"ಕೀವು ತುಂಬೈತಲ್ರಿ" ಅಂದರು.

"ಕೀವಲ್ಲ ಅಜ್ಜಾರ. ಅದ ಡ್ರೆಸ್ಸಿಂಗು. ನೀರು ಕುಡದು ಹಂಗ ಆಗತೈತಿ. ಭಾಳ ಛಲೋ ಆಗೇತಿ." ಸಲೈನ್ ನೀರಿನಿಂದ ತೊಳೆದಳು. ಕೆಳಗೆ ಕೆಂಪಗೆ, ಎಳೆಯ ಮಾಂಸ. ನನಗೂ ಚೆನ್ನಾಗಿಯೇ ಕಂಡಿತು. ಮತ್ತೆ ಅದೇ ನಾರು ಇಟ್ಟು ಕಟ್ಟಿದಳು. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು. ಅಷ್ಟಕ್ಕೇ ನಾವು ಹೊರಬಿದ್ದೆವು.

ಆಟೋದಲ್ಲಿ ಇವರು ಒಂದೇ ಮಾತು ಆಡಿದರು. "ಒಳಗ ಹಸಿ ಐತಿ."

ಆ ಮಾತಿಗೆ ನಾನು ಕಿವಿಗೊಡಲಿಲ್ಲ. ಮನೆಯಲ್ಲಿ ನೀರು ಬಿಡುವ ದಿನ ಅದು, ನನ್ನ ತಲೆಯೆಲ್ಲ ನಲ್ಲಿಯ ಕಡೆ ಇತ್ತು.

ಹೀಗೇ ಮೂರು ನಾಲ್ಕು ಸಲ ಆಯಿತು. ಪ್ರತಿ ಸಲ ಲೋಳೆ, ಪ್ರತಿ ಸಲ ಡಾಕ್ಟರಿಗೆ ಸಂತೋಷ, ಪ್ರತಿ ಸಲ ಇವರಿಗೆ ಚಿಂತೆ. ಗುಳಿ ನಿಜಕ್ಕೂ ಸಣ್ಣದಾಗುತ್ತಿತ್ತು. ಒಂದು ದಿನ ಡಾಕ್ಟರು, "ನೀರು ಕಡಿಮಿ ಆಗೇತಿ. ವಾರದ ನಡುವ ಬರೂದು ಬ್ಯಾಡ. ಮುಂದಿನ ಸೋಮವಾರ ಬರ್ರಿ" ಅಂದಳು. ನಾನು ಮನಸ್ಸಿನಲ್ಲೇ ಕೈ ಮುಗಿದೆ. ಒಂದು ಓಪಿಡಿ ತಪ್ಪಿತಲ್ಲ.

ಆ ವಾರ ಇವರು ಬಚ್ಚಲಲ್ಲಿ ಬಹಳ ಹೊತ್ತು ಕೂತರು ಒಂದು ದಿನ. "ಏನ್ ಮಾಡಾಕತ್ತೀರಿ?" ಅಂತ ಕೂಗಿದೆ. "ಬಂದೆ" ಅಂದರು. ನಾನು ಆ ಹೊತ್ತಿನಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಸ್ವಲ್ಪ ತಡವಾಗಿ ಬರಲಿ ಅಂತಲೇ ಅಂದುಕೊಂಡೆ.

ಶನಿವಾರ ಮಗಳು ಸುಮಾ ಬಂದಳು. ಧಾರವಾಡದ ಮಾಳಮಡ್ಡಿಯಲ್ಲಿ ಅವಳ ಮನೆ, ಬ್ಯಾಂಕಿನಲ್ಲಿ ಕೆಲಸ. ಬಾಗಿಲಲ್ಲಿ ನಿಂತವಳೇ ಮೂಗು ಮುಚ್ಚಿಕೊಂಡಳು.

"ಅವ್ವಾ, ಏನ್ ವಾಸನಿ ಇದು?"

ಒಳಗೇ ಇದ್ದ ನನಗೆ ತಿಳಿದಿರಲಿಲ್ಲ. ಇವರ ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಸೋಮವಾರದವರೆಗೆ ಕಾಯಲಿಲ್ಲ. ಡಾಕ್ಟರು ಇದ್ದಳು, ನಮ್ಮ ಪುಣ್ಯ. ಬ್ಯಾಂಡೇಜ್ ಬಿಚ್ಚಿದಳು. ಗಾಜ್ ಬಟ್ಟೆ ತೆಗೆದಳು. ದೀಪ ಹತ್ತಿರ ಎಳೆದುಕೊಂಡಳು. ಆಮೇಲೆ ಫೋರ್ಸೆಪ್ಸ್ ತಗೊಂಡು ಗುಳಿಯೊಳಗೆ ಹಾಕಿ ಏನನ್ನೋ ಎಳೆದಳು. ಹಳದಿ ಬಣ್ಣಕ್ಕೆ ತಿರುಗಿದ, ಒದ್ದೆಯಾದ, ಬಿಗಿದು ಕೂತ ಏನೋ. ಒಂದಿಷ್ಟು ಬಂತು, ಹರಿಯಿತು. ಮತ್ತೆ ಹಿಡಿದು ಎಳೆದಳು. ಮತ್ತೆ ಹರಿಯಿತು. ಸಣ್ಣ ಸಣ್ಣ ಎಳೆಗಳು ಮಾಂಸಕ್ಕೆ ಅಂಟಿಕೊಂಡು ಬರಲೊಲ್ಲವು.

ಹತ್ತಿ.

"ಯಾರು ತುಂಬಿದ್ರಿ ಇದನ್ನ?" ಆಕೆ ನನ್ನ ಕಡೆ ನೋಡಿದಳು.

"ಹತ್ತಿಯೇನ್ರಿ? ನಮ್ಮ ಮನ್ಯಾಗ..." ಅಂದವಳು ಅಲ್ಲಿಗೇ ನಿಂತೆ. ನಮ್ಮ ಮನೆಯ ಮಂಚದ ಕೆಳಗೆ ಹತ್ತಿಯ ಸ್ಯಾಂಪಲ್ ಪೊಟ್ಟಣಗಳು ಸಾಲಾಗಿ ಇರುತ್ತವೆ. ನಾನು ಇವರ ಕಡೆ ತಿರುಗಿದೆ. ಸುಮಾ ಕೂಡ ತಿರುಗಿದಳು.

ಇವರು ಡಾಕ್ಟರ ಮುಖ ನೋಡಿ ಹೇಳಿದರು. "ಅಂತಿಂಥಾ ಹತ್ತಿ ಅಲ್ರಿ ಅದು ಬಾಯಾರ. ಉದ್ದ ಎಳಿದು. ಶಿರಗುಪ್ಪಿ ರೈತರದು. ಒಂದ್ ಕಸ ಇಲ್ಲ ಅದರಾಗ. ಬೀಜ ಕೈಲೆ ತಗದೇನಿ ನಾ."

ಡಾಕ್ಟರು ಫೋರ್ಸೆಪ್ಸ್ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಯಾಕ ಅಜ್ಜಾರ?"

"ಒಳಗ ಹಸಿ ಇತ್ರಿ" ಅಂದರು ಇವರು. "ನೀವು ಛಲೋ ಆಗೇತಿ ಅಂತೀರಿ, ನನಗ ಕಣ್ಣಿಗೆ ಕಾಣತೈತಲ್ಲ. ಹಸಿ ಹತ್ತಿ ಗೋದಾಮಿಗೆ ಹಾಕಿದ್ರ ಏನಾಗತೈತಿ ಗೊತ್ತೈತೇನ್ರಿ? ಹೊರಗ ತಣ್ಣಗಿರತೈತಿ. ಒಳಗ ಕಾಯತೈತಿ. ಕೈ ಇಟ್ರ ಸುಡತೈತಿ. ಹಳದಿ ಆಗಿ ಕೊಳತ ಹೋಗತೈತಿ. ಒಣಗಸಬೇಕರಿ ಅದನ್ನ. ಹತ್ತಿಗಿಂತ ಛಲೋ ನೀರು ಕುಡಿಯೂದು ಯಾವುದೈತಿ ಜಗತ್ತಿನ್ಯಾಗ?"

ಬಚ್ಚಲಿನಲ್ಲಿ ಕೂತು, ಬ್ಯಾಂಡೇಜ್ ಬಿಚ್ಚಿ, ಲೋಳೆಯನ್ನು ಒರೆಸಿ ತೆಗೆದು, ಇದ್ದದ್ದರಲ್ಲಿ ಶ್ರೇಷ್ಠವಾದ ಹತ್ತಿಯನ್ನು ಆರಿಸಿ, ಗುಳಿಯ ತುಂಬ ಒತ್ತಿ, ಸ್ಯಾಂಪಲ್ ಪೊಟ್ಟಣ ಕಟ್ಟಿದಷ್ಟೇ ನಾಜೂಕಾಗಿ ಮತ್ತೆ ಕಟ್ಟಿದ್ದರು. ನೋವಾಗಿದ್ದರೆ ಕೈ ತಡೆಯುತ್ತಿತ್ತು. ನೋವಿರಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂತ ಮಕ್ಕಳಿಗೆ ಗಾದೆಯ ಅರ್ಥ ಹೇಳಿಕೊಡುತ್ತಿದ್ದೆ. ಇವರು ಹತ್ತಿ ಹಾಕಿಕೊಂಡರು, ಅಷ್ಟೇ ವ್ಯತ್ಯಾಸ.

ಡಾಕ್ಟರು ನನಗೂ ಸುಮಾಳಿಗೂ ಹೊರಗೆ ಹೇಳಿದಳು. ಹತ್ತಿಯ ಎಳೆಗಳು ಒಳಗೆ ಉಳಿದಿವೆ. ಗಾಯದ ನೀರನ್ನು ಹತ್ತಿ ಕುಡಿಯಿತು ನಿಜ, ಆದರೆ ಅದನ್ನು ಅಲ್ಲೇ ಹಿಡಿದಿಟ್ಟು ಕೊಳೆಸಿತು. ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿಯೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಈಗ ಎಲುಬು ಕೆಟ್ಟಿದ್ದು ಕಾಣುತ್ತಿದೆ.

"ಪಾದದ ಮಾತೇನ್ರಿ?" ಅಂತ ಕೇಳಿದೆ.

"ಈಗ ಬೆರಳಿಗೆ ನಿಲ್ಲಸಾಕ ನೋಡತೇನಿ ಅಮ್ಮಾ. ಮತ್ತೊಮ್ಮೆ ಹಿಂಗಾದ್ರ ನನ್ನ ಕೈಯಾಗ ಇರೂದಿಲ್ಲ."

ಹೆಬ್ಬೆರಳು ಹೋಯಿತು.

ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ. ಸುಮಾ ಬೆನ್ನು ಸವರಿದಳು. ಬೆರಳಿಗಾಗಿ ಅಳುತ್ತಿದ್ದೇನೆ ಅಂತ ಅವಳು ಅಂದುಕೊಂಡಳು. ನಾನು ದಣಿದು ಅತ್ತೆ. ಮತ್ತೆ ಮೊದಲಿನಿಂದ ಎಲ್ಲ. ಪ್ಲಾಸ್ಟಿಕ್ಕು, ಆಟೋ, ಟೋಕನ್ನು, ಪೇಡೆ. ಈ ವಾರಗಳೆಲ್ಲ ನೀರಿಗೆ ಹೋದವಲ್ಲ ಅಂತ ಸಿಟ್ಟು. ಆ ಸಿಟ್ಟನ್ನು ಅನಸ್ತೇಶಿಯಾದಿಂದ ಎಚ್ಚರವಾದ ಮನುಷ್ಯನ ಮೇಲೆ ತೀರಿಸಿಕೊಳ್ಳಬಾರದು ಅಂತ ಗೊತ್ತಿತ್ತು. ಎರಡು ದಿನ ತಡೆದೆ. ಮೂರನೆಯ ದಿನ ವಾರ್ಡಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ತಡೆಯಲಾಗಲಿಲ್ಲ.

"ಬೆರಳು ನಿಮ್ಮದು, ಖರೇ. ಕಾಲು ಇಬ್ಬರದೂ. ನೀವು ಬಿದ್ರ ಎತ್ತಾಕಿ ನಾ. ನಾ ಬಿದ್ರ ನನ್ನ ಎತ್ತಾವ್ರು ಯಾರು, ಅದನ್ನರೆ ಹೇಳ್ರಿ. ಜಗತ್ತಿನ ಹತ್ತಿ ಎಲ್ಲಾ ನೋಡೀರಿ, ಹಿಂದ ನಿಂತಾಕಿನ್ನ ಒಮ್ಮೆ ನೋಡೀರೇನು?"

ಇವರು ಗೋಡೆಯ ಕಡೆ ನೋಡುತ್ತಿದ್ದರು. ಮುಖ ತಿರುಗಿಸದೆ, "ಒಳಗ ಕಾಯಾಕತ್ತೈತಿ ಅಂತ ಅಂಜಿದ್ನಿ" ಅಂದರು. "ಪಾದ ಹೋದ್ರ ರಾಶಿ ಹತ್ತೂದು ಹೆಂಗ ಅಂತ."

ಅಂಜಿದ್ದೆ ಅಂತ ಇವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ನೀರು ಕುಡಿಸಿದೆ.

ಮತ್ತೆ ಓಪಿಡಿ ಶುರುವಾಯಿತು. ಒಂದು ದಿನ ಡಾಕ್ಟರು ಹೊಸ ಪೊಟ್ಟಣ ಒಡೆದು ಆ ಬೆಳ್ಳನೆಯ ನಾರು ಕತ್ತರಿಸುವಾಗ ಇವರು ತಾವಾಗಿ ಕೇಳಿದರು. "ಒಂದ್ ಚೂರು ಕೊಡ್ರಿ. ಮತ್ತ ಆ ನೀರು ಒಂದೆರಡು ಹನಿ."

ಅಂಗೈ ಮೇಲೆ ನಾರು ಇಟ್ಟುಕೊಂಡರು. ಡಾಕ್ಟರು ಸಲೈನ್ ಹನಿಸಿದಳು. ಮೂವರೂ ನೋಡುತ್ತಿದ್ದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಬಿಳುಪು ಮಾಯವಾಗುತ್ತಾ ಬಂತು. ಎಳೆ ಎಳೆಯಾಗಿ ಕಾಣುತ್ತಿದ್ದದ್ದು ಒಂದಕ್ಕೊಂದು ಕೂಡಿಕೊಂಡಿತು. ಸ್ವಲ್ಪ ಹೊತ್ತಿಗೆ ಅಂಗೈ ಮೇಲೆ ಅದೇ ಬೂದು ಲೋಳೆ. ಕೀವಿಲ್ಲದ, ಗಾಯವಿಲ್ಲದ, ಬರೀ ಅಂಗೈ ಮೇಲೆ. ಇವರು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯಲು ನೋಡಿದರು. ಜಾರಿತು. ಮತ್ತೆ ಹಿಡಿದರು. ಹಿಡಿಯಲು ಏನೂ ಇರಲಿಲ್ಲ.

"ಎಳಿನ ಇಲ್ಲಲ್ರಿ" ಅಂದರು.

"ಅದಕ್ಕ ಒಳಗ ಉಳಿಯೂದಿಲ್ರಿ ಅದು. ತೊಳದ್ರ ಹೋಗಿಬಿಡತೈತಿ" ಅಂದಳು ಆಕೆ.

"ನಮ್ಮ ಹತ್ತಿ ಹರದು ಒಳಗ ಕುಂತಿತು." ಲೋಳೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಆಮೇಲೆ, "ಇದು ಹತ್ತಿ ಅಲ್ಲ ನೋಡ್ರಿ" ಅಂದರು. ಸೋತವರ ದನಿಯಲ್ಲಿ ಅಲ್ಲ. ಹೊಸ ಮಾಲು ಬಂದಾಗ ಪ್ಯಾಟಿಯಲ್ಲಿ ಮಾತಾಡುವ ದನಿಯಲ್ಲಿ. ಆ ದಿನದಿಂದ ಬ್ಯಾಂಡೇಜಿಗೆ ಕೈ ಹಾಕಲಿಲ್ಲ. ಮಂಚದ ಕೆಳಗಿನ ಪೊಟ್ಟಣಗಳನ್ನು ನಾನು ಅಟ್ಟಕ್ಕೆ ಹಾಕಿದೆ. ಬೇಡ ಅನ್ನಲಿಲ್ಲ.

ಕಾಲು ತೋರಿಸುವುದಕ್ಕೂ ಒಪ್ಪಿಕೊಂಡರು, ಆದರೆ ತೊಡೆಯ ಮೇಲೆ ಅಲ್ಲ. ಸಣ್ಣ ಸ್ಟೂಲಿನ ಮೇಲೆ ಇಡುತ್ತಿದ್ದರು. ನಾನು ನೆಲಕ್ಕೆ ಕೂತು ಬಗ್ಗಿ ನೋಡಬೇಕು. ಏಳುವಾಗ ಮಂಚದ ಕಾಲು ಹಿಡಿದು, ಶಿವಾ ಅಂದು, ಏಳಬೇಕು. ಬೇಸಿಗೆ ಅದರಲ್ಲೇ ಕಳೆಯಿತು. ಮಳೆಗಾಲ ಬಂತು. ಗಾಯ ಕಡಲೆಯಷ್ಟಾಯಿತು, ಅಲ್ಲೇ ತಿಂಗಳುಗಟ್ಟಲೆ ಕೂತಿತು.

ಒಂದು ದಿನ ಸುಮಾ ರಜೆ ಹಾಕಿ ಬಂದು ಅಪ್ಪನ ಹತ್ತಿರ ಕೂತು ನನ್ನನ್ನು ತನ್ನ ಮನೆಗೆ ಅಟ್ಟಿದಳು. "ಹೋಗಿ ಮಲ್ಕೋರಿ ಸುಮ್ನ" ಅಂದಳು. ಮಾಳಮಡ್ಡಿಯ ಆ ಮನೆಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದೆ. ಎದ್ದಾಗ ಸಂಜೆ. ಹೊರಗೆ ಯಾರೋ ಹೂ ಮಾರಿಕೊಂಡು ಹೋಗುತ್ತಿದ್ದರು. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಆಗ ಒಂದು ಯೋಚನೆ ಬಂತು. ಮನೆಗೆ ಹೋಗುವುದೇ ಬೇಡ. ಇಲ್ಲೇ ಇದ್ದುಬಿಡೋಣ, ಆ ಕಾಲು ಏನಾದರೂ ಆಗಲಿ. ಅದು ಒಂದು ಗಳಿಗೆಯ ಯೋಚನೆ ಅಲ್ಲ, ಚೆನ್ನಾಗಿ ಕೂತು ಯೋಚಿಸಿದೆ. ಆಮೇಲೆ ಮುಖ ತೊಳೆದು ಬಸ್ ಹತ್ತಿದೆ. ಯಾಕೆ ಹತ್ತಿದೆ ಅಂದರೆ ಪ್ರೀತಿ ಅಂತ ಹೇಳಲು ನಾಲಗೆ ಬರುವುದಿಲ್ಲ. ಸಂಜೆಯ ಇನ್ಸುಲಿನ್ ಹೊತ್ತಾಗಿತ್ತು. ಸುಮಾಳಿಗೆ ಸೂಜಿ ಕಂಡರೆ ಭಯ.

ದಸರೆಯ ಹೊತ್ತಿಗೆ ಗಾಯ ಮುಚ್ಚಿತು. ಡಾಕ್ಟರು ಹೊಸ ಚರ್ಮದ ಮೇಲೆ ಬೆರಳಾಡಿಸಿ ನೋಡಿದಳು. "ವಾಸಿ ಆತು ಅನ್ನೂದಿಲ್ಲ ನಾ. ಮುಚ್ಚೈತಿ ಅಂತೇನಿ" ಅಂದಳು. ದಪ್ಪ ಮೆತ್ತನೆಯ ಅಟ್ಟೆಯ ಚಪ್ಪಲಿ ಬರೆದುಕೊಟ್ಟಳು. ಮನೆಯೊಳಗೂ ಹಾಕಿಕೊಳ್ಳಬೇಕು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಎಲ್ಲಿಯೂ, ಯಾವುದರ ಮೇಲೆಯೂ. ಆ ಕೊನೆಯ ಮಾತನ್ನು ಇವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಇವರು ತಲೆ ಅಲ್ಲಾಡಿಸಿದರು. ಇವರ ತಲೆ ಅಲ್ಲಾಡುವುದಕ್ಕೆ ಎಷ್ಟು ಬೆಲೆ ಅಂತ ನನಗೆ ಗೊತ್ತು.

ಹೊಸ ಹತ್ತಿ ಬಂತು. "ಒಮ್ಮೆ ಹೋಗಿ ಬರತೇನಿ" ಅಂದರು. "ನಾನೂ ಬರತೇನಿ" ಅಂದೆ. ಮದುವೆಯಾಗಿ ಬಂದಾಗಿನಿಂದ ಆ ಹತ್ತಿಯ ಅನ್ನ ಉಂಡಿದ್ದೇನೆ, ಪ್ಯಾಟಿಯೊಳಗೆ ಕಾಲಿಟ್ಟಿರಲಿಲ್ಲ. ಬೇಡ ಅಂದಾರು ಅಂದುಕೊಂಡೆ. ಅನ್ನಲಿಲ್ಲ.

ಕಟ್ಟೆಯ ಮೇಲೆ ರಾಶಿ ಬಿದ್ದಿತ್ತು. ಕಣ್ಣು ಕುಕ್ಕುವ ಬಿಳುಪು. ರಾಶಿಯ ಬುಡದಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳು. ಮೇಲೆ ಇಬ್ಬರು ಮೂವರು ಬರಿಗಾಲಲ್ಲಿ ನಿಂತು ಕೈ ತೂರಿಸುತ್ತಿದ್ದರು. ಇವರನ್ನು ಕಂಡದ್ದೇ ಹಮಾಲ ಫಕ್ಕೀರಪ್ಪ ಓಡಿ ಬಂದ.

"ಬರ್ರಿ ಸಾವಕಾರ್ರ. ನೀವಿಲ್ಲದ ರಾಶಿನ ಹಾಳಬಡದಿತ್ತು. ಹತ್ರಿ, ನಾ ಕೈ ಹಿಡೀತೇನಿ."

ಇವರು ರಾಶಿಯ ಬುಡಕ್ಕೆ ಹೋಗಿ ನಿಂತರು. ಕೈ ತಾನಾಗಿ ಕೆಳಗೆ ಹೋಯಿತು, ಚಪ್ಪಲಿಯ ಪಟ್ಟಿಯ ಕಡೆ. ಐವತ್ತು ವರ್ಷದ ರೂಢಿ. ನಾನು ಹಿಂದೆ ನಿಂತಿದ್ದೆ. ಬಾಯಿ ತುಂಬ ಮಾತು ಇತ್ತು. ಆಡಲಿಲ್ಲ. ಇಷ್ಟು ದಿನ ಆಡಿದ್ದೇನು ಕಡಿಮೆಯೇ. ಇನ್ನು ಇವರ ಕಾಲು, ಇವರ ಲಕ್ಷ್ಮಿ. ಬಿಚ್ಚಿದರೆ ಮನೆಗೆ ಹೋಗಿ ಸೂಟ್‌ಕೇಸ್ ತುಂಬಿಕೊಂಡು ಮಾಳಮಡ್ಡಿಗೆ ಹೋಗುವವಳೇ. ಅಂದು ಅದು ಬೆದರಿಕೆ ಆಗಿರಲಿಲ್ಲ.

ಪಟ್ಟಿ ಹಿಡಿದ ಕೈ ಅಲ್ಲೇ ನಿಂತಿತು. ಇವರು ಒಮ್ಮೆ ಹಿಂದೆ ತಿರುಗಿ ನೋಡಿದರು. ರಾಶಿಯನ್ನಲ್ಲ, ನನ್ನನ್ನು.

ನೆಟ್ಟಗೆ ನಿಂತರು. "ಇಲ್ಲೋ ಫಕ್ಕೀರಪ್ಪಾ. ಕಾಲಾಗ ಚಪ್ಪಲಿ ಅದಾವು. ನಡುವಿಂದ ಒಂದ್ ಹಿಡಿ ತಾ."

ಅವನು ಮೇಲೇರಿ, ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ತಂದ. ಇವರು ಎಳೆ ಎಳೆದು ನೋಡಿದರು. ಮುಷ್ಟಿಯಲ್ಲಿ ಹಿಚುಕಿ, ಕೆನ್ನೆಗೆ ಒತ್ತಿಕೊಂಡರು. "ಹಸಿ ಐತಿ. ಎರಡ್ ದಿನ ಬಿಸಲಿಗೆ ಹಾಕ್ರಿ ಅಂತ ಹೇಳು" ಅಂದರು. ರಾಶಿಯ ಮೇಲಿನವರು ಇಳಿದು ಬಂದು ಇವರ ಸುತ್ತ ನಿಂತು ಮಾತಾಡಿಸಿದರು. ಯಾರೂ ಕಾಲಿನ ಕಡೆ ನೋಡಲಿಲ್ಲ, ಅಥವಾ ನೋಡದ ಹಾಗೆ ಇದ್ದರು.

ಮನೆಗೆ ಬಂದು ಕುರ್ಚಿಯಲ್ಲಿ ಕೂತಾಗ ಚಪ್ಪಲಿಯ ಪಟ್ಟಿಗೆ ಒಂದು ಚೂರು ಹತ್ತಿ ಅಂಟಿದ್ದು ಕಂಡಿತು. ಇವರು ಬಗ್ಗಿ ಅದನ್ನು ಬಿಡಿಸಿ ತೆಗೆದರು. ಎರಡೂ ಕಣ್ಣಿಗೆ ಒತ್ತಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ನಾನು ಮಂಚದ ತುದಿಗೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದೆ. ಪ್ಯಾಟಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಇನ್ನು ನೆಲಕ್ಕೆ ಕೂರಬೇಕಲ್ಲ ಅಂತ ಸ್ಟೂಲಿನ ಕಡೆ ನೋಡಿದೆ.

ಇವರು ಎದ್ದು ಒಳಗೆ ಹೋದರು. ಪಾತ್ರೆ ಸಪ್ಪಳಾಯಿತು. ಹೊರಗೆ ಬಂದು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತರು. ಚಪ್ಪಲಿ ಬಿಚ್ಚಿದರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ತೊಡೆಯ ಮೇಲೆ ಇಟ್ಟರು.

ನಾಲ್ಕು ಬೆರಳಿನ ಕಾಲು. ಅದು ಎಷ್ಟು ಭಾರ ಇದೆ ಅಂತ ಆ ದಿನ ಗೊತ್ತಾಯಿತು.

"ಲಕ್ಷ್ಮಿ ತೊಡಿ ಮ್ಯಾಲ ಕಾಲು ಬಂತಲ್ರಿ" ಅಂದೆ.

"ಲಗೂ ನೋಡು" ಅಂದರು, ಕಿಟಕಿಯ ಕಡೆ ಮುಖ ಮಾಡಿ. "ಒಲಿ ಮ್ಯಾಲ ಚಹಾ ಇಟ್ಟೇನಿ."

ಕನ್ನಡಕ ಹಾಕಿಕೊಂಡು ನೋಡಿದೆ. ಬೆರಳ ಸಂದಿ, ಹಿಮ್ಮಡಿ, ಹೊಸ ಚರ್ಮ. ಆಮೇಲೆ ಎಡಗಾಲು. ಇವತ್ತಿಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಉಳಿದದ್ದನ್ನು ಇಬ್ಬರೂ ಅರ್ಧರ್ಧ ಕುಡಿದೆವು.